ಸಿಗದ ಮದ್ದಿಗೆ ಒಂದು ಬಸ್ಸು

ಮುಳ್ಳೇರಿಯ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂವರಿದ್ದೆವು. ಕಂಡಕ್ಟರ್ ವಸಂತ, ಅದೇ ಬಸ್ಸಿನ ಡ್ರೈವರ್ ಕೃಷ್ಣಣ್ಣ, ಮತ್ತೆ ಚಹಾದ ನೆಪದಲ್ಲಿ ಸುದ್ದಿ ಕೇಳಲು ಕೂತ ನಾನು. (ನನ್ನ ಬುದ್ಧಿ ನಿಮಗೆ ಗೊತ್ತೇ ಉಂಟಲ್ಲ.)

ವಸಂತನಿಗೆ ಒಂದು ವರ್ಷದಿಂದ ಕಿವಿಯೊಳಗೆ ಕೂಂಯ್ ಎಂಬ ಶಬ್ದ. ಹಗಲು ಬಸ್ಸಿನ ಗಲಾಟೆಯಲ್ಲಿ ಹೇಗೋ ಕಳೆಯುತ್ತದೆ. ಮಲಗಿದರೆ ಶುರು. ನಿದ್ದೆಗೆಟ್ಟು ಕೆಲಸವನ್ನೇ ಬಿಡುವ ಯೋಚನೆಯಲ್ಲಿದ್ದ. ಟಿನ್ನಿಟಸ್ ಅಂದರಂತೆ ಮಂಗಳೂರಿನ ಡಾಕ್ಟರಮ್ಮ. ಅದರ ಜೊತೆ ಬದುಕುವುದಕ್ಕೆ ದಾರಿಗಳುಂಟು, ಶಬ್ದವನ್ನೇ ನಿಲ್ಲಿಸುವ ಮದ್ದು ಇನ್ನೂ ಸಿಕ್ಕಿಲ್ಲ. ನಮ್ಮ ಮೆಡಿಕಲ್ ಕಾಲೇಜಿನಲ್ಲೂ ಹುಡುಕುತ್ತಿದ್ದೇವೆ, ದುಡ್ಡು ಸಾಲುವುದಿಲ್ಲ ಅಂದರಂತೆ.

ನಮ್ಮ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಬಸ್ಸಿನವರು ಒಂದು ದಿನ ಟಿಕೆಟ್ ಕೊಡುವುದಿಲ್ಲ. ಬಕೆಟ್ ಹಿಡಿಯುತ್ತಾರೆ. ಬಿದ್ದದ್ದೆಲ್ಲ ರೋಗಿಗೆ. ವಸಂತನಿಗಾಗಿ ಹಾಗೊಂದು ದಿನ ಓಡಿಸುವುದೆಂದು ಮಾತಾಗಿತ್ತು.

"ನನಗೆ ಬೇಡ ಕೃಷ್ಣಣ್ಣ. ದುಡ್ಡು ಕೊಟ್ಟು ತರ್ಲಿಕ್ಕೆ ಮದ್ದು ಎಲ್ಲುಂಟು? ಹುಡುಕುವವರಿಗೆ ಕೊಡುವ" ಅಂದ ವಸಂತ.

"ಎಂತ ಮಾರಾಯ! ಫ್ಲೆಕ್ಸಿನಲ್ಲಿ ಯಾರ ಫೋಟೋ ಹಾಕುವುದು? ಡಾಕ್ಟ್ರದ್ದಾ? ನಿನ್ನದು ಹಾಕಿದರೆ ಮದುಮಗನ ಹಾಗೆ ಕಾಣ್ತದೆ. ಒಂದು ರೂಪಾಯಿ ಬೀಳ್ಲಿಕ್ಕಿಲ್ಲ."

"ಫೋಟೋ ಬೇಡ."

"ಹುಡುಕಿ ಹುಡುಕಿ ಸಿಗದಿದ್ದರೆ?"

"ಅಲ್ಲಿ ಇಲ್ಲ ಅಂತ ಆದ್ರೂ ಗೊತ್ತಾಗ್ತದಲ್ಲ. ಮತ್ತೆ ಬೇರೆ ಕಡೆ ನೋಡಬಹುದು."

"ಆಯ್ತು, ಓಡಿಸುವ" ಎಂದು ಕೃಷ್ಣಣ್ಣ ಎದ್ದರು.

ಅವತ್ತಿನಿಂದ ನನಗೆ ಇದೇ ಕುತೂಹಲ. ಆಪರೇಶನ್‌ಗೆ ಅಂದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ರಿಸರ್ಚಿಗೆ ಅಂದರೆ ಯಾಕೆ ಹೋಗುವುದಿಲ್ಲ? ಹಾಸಿಗೆಯಲ್ಲಿ ಮಲಗಿದ ಒಬ್ಬರು ಕಣ್ಣಿಗೆ ಕಾಣಲೇಬೇಕಾ? ಇವತ್ತು ನಾವು ನುಂಗುವ ಗುಳಿಗೆಗಳನ್ನೂ ಯಾರೋ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲದೆ ಹುಡುಕಿದ್ದಲ್ಲವೇ? ಆ ಖರ್ಚು ಕೊಟ್ಟವರು ಯಾರ ಫೋಟೋ ನೋಡಿ ಕೊಟ್ಟರು?

ಬಸ್ಸು ಓಡಿತು. ಬಕೆಟ್ ಹಿಡಿದದ್ದು ವಸಂತನೇ. "ಪೇಷೆಂಟ್ ಯಾರು?" ಎಂದವರಿಗೆಲ್ಲ ಕಿವಿಯ ಕಥೆ. "ಸತ್ಯ ಹೇಳು, ಬಸ್ಸಿಗೆ ಹೊಸ ಟಯರು ಹಾಕ್ಲಿಕ್ಕಲ್ವಾ?" ಎಂದು ಕೆಣಕಿದವರೂ ಇದ್ದರು. ಮನೆಯಲ್ಲಿ ಕಟ್ಟಿದ ಬೀಡಿಯನ್ನು ಕಂಪೆನಿಗೆ ಕೊಡಲು ಹೊರಟಿದ್ದ ಒಬ್ಬರು ಅಕ್ಕ ಮಾತ್ರ, "ಅಯ್ಯೋ, ಇದಕ್ಕೆ ಹೆಸರುಂಟಾ? ನನಗೇ ತಲೆ ಕೆಟ್ಟಿದೆ ಅಂತ ಮಾಡಿದ್ದೆ" ಎನ್ನುತ್ತಾ ನೋಟು ಹಾಕಿದರು. ಕಲ್ಲುಕೋರೆಯ ಮೆಷಿನ್ ಓಡಿಸುವವನೊಬ್ಬ "ನನಗೂ ಉಂಟು" ಅಂದ.

ದುಡ್ಡು ಕಾಲೇಜಿಗೆ ಹೋಯಿತು. ದೊಡ್ಡ ಮೊತ್ತವೇನಲ್ಲ.

ಕಳೆದ ವಾರ ವಸಂತನಿಗೆ ಅಲ್ಲಿಂದ ಫೋನ್. ಅಧ್ಯಯನಕ್ಕೆ ಟಿನ್ನಿಟಸ್ ಇರುವವರು ಬೇಕು, ಬರುತ್ತೀರಾ? ಗುಣವಾಗುವ ಗ್ಯಾರಂಟಿ ಇಲ್ಲ. ಅವನು ಹೊರಟ. ಒಬ್ಬನೇ ಹೋಗುವುದು ಬೇಡವೆಂದು ಕೃಷ್ಣಣ್ಣನೂ ರಜೆ ಹಾಕಿ ಜೊತೆಗೆ ಹೋದರು.

"ನೀವು ಹೊರಗೆ ಕೂತ್ಕೊಳ್ಳಿ" ಅಂದರಂತೆ ಡಾಕ್ಟರಮ್ಮ.

ಕೃಷ್ಣಣ್ಣ ಕದಲಲಿಲ್ಲವಂತೆ. "ನನ್ನ ಹೆಸರೂ ಬರ್ಕೊಳ್ಳಿ ಮೇಡಂ. ನನಗೂ ಕೂಂಯ್ ಶುರುವಾಗಿ ಮೂರು ವರ್ಷ ಆಯ್ತು. ಡ್ರೈವರ್ ಅಲ್ವಾ, ಕೆಲಸ ಹೋದೀತು ಅಂತ ಹೇಳ್ಲಿಕ್ಕೆ ಹೆದರಿಕೆ."