ಮಾಸ್ತರರ ಗೋಡೆಯ ಪರದೇಶಿ

ಕಾಗದ ಮುಟ್ಟುವ ಮೊದಲು ಮಾಸ್ತರರು ಎರಡೂ ಅಂಗೈಗಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು. ಬೆರಳ ಗಿಣ್ಣುಗಳು ಬಾಗಿದ್ದವು, ಉಗುರ ಸಂದಿಯಲ್ಲಿ ಸದಾ ನೀಲಿ ಬಣ್ಣ. ಇದನ್ನು ಬರೆಯುವುದನ್ನು ವರ್ಷಗಳಿಂದ ಮುಂದೂಡುತ್ತ ಬಂದೆ. ನನಗೂ ವಯಸ್ಸಾಯಿತು, ಇನ್ನು ಮುಂದೂಡಲು ಹೆದರಿಕೆಯಾಗುತ್ತದೆ.

ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳಿದವರು. ನಿವೃತ್ತಿಯಾದ ಮೇಲೆ ಭಾಲ್ಕಿಯಲ್ಲಿ ಬಾಡಿಗೆ ಮನೆ ಹಿಡಿದು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಬೀದರಿನಲ್ಲಿ ನನ್ನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಅವರಿಗಿದ್ದದ್ದು ಒಂದೇ ಹುಚ್ಚು: ಮುನ್ನೂರು ವರ್ಷಕ್ಕೂ ಹಿಂದೆ ಡಚ್ಚರ ನಾಡಿನಲ್ಲಿದ್ದ ಒಬ್ಬ ತತ್ವಜ್ಞಾನಿಯ ಚಿತ್ರಗಳು. ಹಳೆಯ ಪುಸ್ತಕಗಳಿಂದ ಬಿಡಿಸಿಕೊಂಡ ತಾಮ್ರದಚ್ಚಿನ ಹಾಳೆಗಳು, ಅವನ್ನು ನೋಡಿ ತಾವೇ ಬರೆದ ಬಣ್ಣದ ಪಟಗಳು. ಒಂದರ ಮುಖ ಇನ್ನೊಂದರಂತಿರಲಿಲ್ಲ. ಕಟ್ಟು ಹಾಕಿಸಲು ಅವನ್ನು ನನ್ನ ಅಂಗಡಿಗೆ ತಂದರು.

“ಸರ, ಇವೆಲ್ಲಾ ಒಬ್ಬನವೇ ಏನ್ರಿ?”

“ಸತ್ತ ಮ್ಯಾಲ ಬರದವರೇ ಭಾಳ, ತಮ್ಮಾ. ಒಬ್ಬೊಬ್ಬ ಒಂದೊಂದು ಮೂಗು ಕೊಟ್ಟಾನ. ತನ್ನಷ್ಟಕ್ಕ ವಿಚಾರ ಮಾಡಿದ್ದಕ್ಕ ಅವನ ಜನಾನೇ ಅವನ್ನ ಹೊರಗ ಹಾಕಿದ್ರು. ಕೆಳಗಿನ ಹೆಸರು ಕಾಣಂಗ ಕಟ್ಟು. ಹೆಸರಿಲ್ಲಂದ್ರ ಈ ಮಾರಿ ಯಾರದರೇ ಆಗ್ತದ.”

ದೊಡ್ಡ ಅಚ್ಚಿನ ಹಾಳೆಗೆ ಕೈಗೆ ಸಿಕ್ಕ ಗಾಜು ಗಿಡ್ಡವಾಯಿತು. ಹೊಸ ಗಾಜು ಕೊಯ್ಯುವ ಬೇಸರಕ್ಕೆ ಹಾಳೆಯ ಕೆಳಗಿನ ಅಂಚನ್ನೇ ಕತ್ತರಿಸಿದೆ. ಹೆಸರು ಕಸದ ಜೊತೆ ಹೋಯಿತು. ಹೆಸರೆಲ್ಲಿ ಎಂದು ಅವರು ಕೇಳಿದಾಗ, “ಕಟ್ಟಿನ ಒಳಗ ಸೇರ್ಯಾದರಿ” ಎಂದೆ. ನಂಬಿದರು.

ಆಮೇಲೆ ಓಣಿಯಲ್ಲಿ ಮಾತು ಹುಟ್ಟಿತು: ಉದ್ದ ಕೂದಲಿನ ಯಾವನೋ ಪರದೇಶಿ ಗುರುವಿನ ಪಟ ಇಟ್ಟುಕೊಂಡು ಮಾಸ್ತರ ಹುಡುಗರಿಗೆ ಬೇರೆಯದೇ ಕಲಿಸುತ್ತಾನೆ. ಮಕ್ಕಳು ಒಬ್ಬೊಬ್ಬರಾಗಿ ಬರುವುದು ನಿಂತಿತು. ಗುರುತಿಲ್ಲದ ಯಾರೋ ಕಿಟಕಿಯಿಂದ ಗೋಡೆಯ ಫೋಟೊ ಹೊಡೆದುಕೊಂಡು ಹೋದರು. ಒಂದು ಮುಂಜಾನೆ ಬಾಗಿಲಿಗೆಲ್ಲ ಕರಿ ಆಯಿಲ್ ಬಳಿದಿದ್ದರು. ಮನೆ ಮಾಲೀಕರು ನಾಲ್ಕು ಜನರನ್ನು ಕೂಡಿಸಿದಾಗ ಮಾಸ್ತರರು ನನಗೆ ಫೋನ್ ಮಾಡಿದರು. “ಬಂದು ಕಟ್ಟು ಬಿಚ್ಚಿ ಹೆಸರು ತೋರಸು ತಮ್ಮಾ. ಮುಗೀತದ.”

ಹೋದೆ. ಅಂಗಳದ ತುಂಬ ಜನ, ಯಾರೂ ಕುಳಿತಿರಲಿಲ್ಲ. ಮಾಸ್ತರರು ಹೇಳಿದ ಹೆಸರನ್ನು ಒಬ್ಬ ಹುಡುಗ ಫೋನಿನಲ್ಲಿ ಹುಡುಕಿ ನೋಡಿದ.

“ಇಂವ ಬ್ಯಾರೆ, ಗೋಡಿ ಮ್ಯಾಲಿನಂವ ಬ್ಯಾರೆ. ಈ ವಯಸ್ಸಿನ್ಯಾಗ ಸುಳ್ಳು ಯಾಕ್ರಿ ಮಾಸ್ತರ?”

ನಾನು ಮೊಳೆ ಕಿತ್ತು ಗಾಜು ತೆಗೆದೆ. ಮುಖದ ಕೆಳಗೆ ಏನೂ ಇರಲಿಲ್ಲ.

“ಹೆಸರು ಇತ್ತಲ್ಲ, ತಮ್ಮಾ?”

ಎಲ್ಲರೂ ನನ್ನ ಕಡೆ ತಿರುಗಿದರು.

“ಮೊದಲಿಂದನೂ ಇರಲಿಲ್ಲರಿ ಸರ.”

ಮಾಲೀಕರು ಮನೆ ಖಾಲಿ ಮಾಡಲು ಹೇಳಿ ಹೊರಟರು. ಜನ ಕರಗಿದ ಮೇಲೆ ಮಾಸ್ತರರು ನನಗೆ ಒಂದು ತಂಬಿಗೆ ನೀರು ತಂದುಕೊಟ್ಟರು. “ನಂದೇ ತಪ್ಪು. ನನಗ ಮರವು ಬಂದದ. ಬ್ಯಾರೆ ಹಾಳಿ ಮ್ಯಾಲ ಇದ್ದೀತು. ಸುಮ್ಮನ ನಿನ್ನ ಕರಿಸಿದೆ.” ನಾನು ನೀರು ಕುಡಿದೆ. ಖಾಲಿ ತಂಬಿಗೆ ಅವರ ಕೈಗೆ ಕೊಟ್ಟು ಹೊರಟೆ.

ಅವರು ಔರಾದಿನ ತಂಗಿಯ ಮನೆ ಸೇರಿದರು. ತೀರಿಕೊಂಡ ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ತಂಗಿ ಹೇಳಿದಳು: “ಹುಡುಗರು ಪಾಠ ಕೇಳಲಿಕ್ಕ ಬಂದ್ರ, ‘ನನ್ನ ತಲಿ ನಂಬಬ್ಯಾಡ್ರಿ, ತಪ್ಪು ಹೇಳ್ತೇನಿ’ ಅಂತ ವಾಪಸ್ ಕಳಸ್ತಿದ್ದ ನಮ್ಮಣ್ಣ. ಖರೇ ಅಂದ್ರ ಅವ ಏನೂ ಮರ್ತಿರಲಿಲ್ಲರಿ.”

ಆಕೆಗೂ ನಿಜ ಹೇಳದೆ ಬಸ್ಸು ಹತ್ತಿದೆ. ನನ್ನ ಮಾಸ್ತರರಲ್ಲಿ ತಪ್ಪಾಯಿತೆಂದು ಕೇಳಿಕೊಳ್ಳುವುದು ಹಾಗೆಯೇ ಉಳಿಯಿತು.