ಬರೆಯುವ ಮೊದಲೇ ಬಂದ ಉತ್ತರ

ತೊಂಬತ್ತರ ದಶಕದ ಕೊನೆಯ ಎರಡು ವರ್ಷ ನಾನು ಶಿಕಾರಿಪುರ ಮತ್ತು ಸೊರಬದ ನಡುವೆ ಬಸ್ಸಿನಲ್ಲಿ ಓಡಾಡಿಯೇ ಸವೆದೆ. ಹಳೆಯ ಪಹಣಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಹಿಡಿದಿದ್ದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಎರಡೂ ಊರಲ್ಲಿ ಒಂದೊಂದು ಬಾಡಿಗೆ ಕೋಣೆ. ಪ್ರತಿ ಕೋಣೆಯಲ್ಲೂ ಆರು ಕಂಪ್ಯೂಟರು, ಮೂಲೆಯಲ್ಲಿ ಒಂದು ಸರ್ವರು. ಆರು ಜನ ಟೈಪು ಮಾಡಿದ್ದೆಲ್ಲ ತಂತಿಯ ಮೂಲಕ ಹೋಗಿ ಆ ಸರ್ವರಿನ ಡಿಸ್ಕಿನಲ್ಲಿ ಕೂರಬೇಕು. ಅದನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ಕೂರುತ್ತಿತ್ತು, ಆದರೆ ಬಲು ನಿಧಾನ. ಒಂದು ಸರ್ವೆ ನಂಬರಿನ ವಿವರ ತುಂಬಿ ಗುಂಡಿ ಒತ್ತಿದರೆ ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಬರುವವರೆಗೆ ಸುಮ್ಮನೆ ಕೂತಿರಬೇಕು. ಸೊರಬದ ಕೋಣೆಯಲ್ಲಿ ಹೊಸಬಾಳೆಯಿಂದ ಬರುತ್ತಿದ್ದ ಹೆಂಗಸೊಬ್ಬರಿದ್ದರು. ಎರಡು ಮಕ್ಕಳ ತಾಯಿ, ಮದುವೆಗೆ ಮುಂಚೆ ಟೈಪಿಂಗ್ ಸೀನಿಯರ್ ಪಾಸು ಮಾಡಿದವರು. ಅವರ ಬೆರಳಿನ ವೇಗಕ್ಕೆ ಆ ಸರ್ವರು ಒಂದು ದಿನವೂ ಸಮನಾಗಲಿಲ್ಲ. ಕಾಯುವ ಹೊತ್ತು ಹಾಳಾಗಬಾರದೆಂದು ಅವರು ಮಡಿಲಲ್ಲಿ ಕನಕಾಂಬರ ಇಟ್ಟುಕೊಂಡು, ಒಂದು ಸಲ ಗುಂಡಿ ಒತ್ತಿದ್ದಕ್ಕೆ ಒಂದು ಗಂಟಿನಂತೆ ಹೂ ಕಟ್ಟುತ್ತಿದ್ದರು.

"ಇವತ್ತು ಎರಡು ಮೊಳ ಆಯ್ತು ಸಾರ್," ಎಂದು ಒಂದು ಸಂಜೆ ಮಾಲೆ ಎತ್ತಿ ತೋರಿಸಿದರು. ದೂರಿನ ದನಿಯಲ್ಲಿ ಹೇಳಿದ್ದಲ್ಲ. ನನಗೆ ಮಾತ್ರ ಚುಚ್ಚಿತು.

ನಿಧಾನಕ್ಕೆ ಕಾರಣ ಸರ್ವರಿನ ಪ್ರಾಮಾಣಿಕತೆಯೇ. ಡಿಸ್ಕಿನ ಮೇಲೆ ನಿಜವಾಗಿ ಬರೆದು ಮುಗಿಯುವ ತನಕ ಅದು ಬರೆದಿದ್ದೇನೆ ಎನ್ನುತ್ತಿರಲಿಲ್ಲ. ಒಂದು ಸಾಲು ಬರೆಯಬೇಕಾದರೆ ಡಿಸ್ಕಿನ ಬರೆಯುವ ಮುಳ್ಳು ಒಂದು ಕಡೆ ಹೋಗಿ ಸಾಲನ್ನು ಇಡಬೇಕು, ಇನ್ನೊಂದು ಕಡೆ ಹೋಗಿ ಆ ಸಾಲು ಎಲ್ಲಿದೆಯೆಂದು ಸೂಚಿಯಲ್ಲಿ ನಮೂದಿಸಬೇಕು. ಆರು ಜನರ ಸಾಲಿಗೂ ಬೇರೆ ಬೇರೆಯಾಗಿ ಇದೇ ಓಡಾಟ. ಹೊಸ ಯಂತ್ರ ಕೇಳಿ ಪತ್ರ ಬರೆದೆ. ಇರುವುದರಲ್ಲೇ ಕೆಲಸ ಬೇಗ ಮುಗಿಸಿ ಎಂದು ಉತ್ತರ ಬಂತು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಸರ್ವರಿನ ವ್ಯವಸ್ಥೆಯಲ್ಲಿ ಒಂದೇ ಒಂದು ಪದ ಬದಲಿಸಿದೆ. ಆಮೇಲೆ ಅದು ಬಂದ ಸಾಲನ್ನು ನೆನಪಿನಲ್ಲಿ ಹಿಡಿದುಕೊಂಡು ತಕ್ಷಣ ‘ಉಳಿಸಲಾಗಿದೆ’ ಎಂದು ಬಿಡುತ್ತಿತ್ತು. ಡಿಸ್ಕಿಗೆ ಬರೆಯುವುದು ಬಿಡುವಾದಾಗ. ನಡುವೆ ವಿದ್ಯುತ್ ಹೋದರೆ ಬರೆಯದೆ ಉಳಿದದ್ದು ಹೋದಂತೆಯೇ ಎಂದು ಕೈಪಿಡಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಓದಿದ್ದೆ. ಯುಪಿಎಸ್ ಇದೆಯಲ್ಲ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಶಿಕಾರಿಪುರದಲ್ಲೂ ಹಾಗೇ ಮಾಡಿದೆ.

ಹತ್ತು ಹನ್ನೆರಡು ದಿನ ಕೋಣೆಯ ತುಂಬ ಕೀಲಿಗಳ ಸದ್ದು. ಮಡಿಲಿನ ಹೂವು ಪೊಟ್ಟಣದಲ್ಲೇ ಬಾಡಿತು. "ಏನ್ ಮಾಡಿದ್ರಿ ಸಾರ್, ಗಾಳಿ ಹಂಗೆ ಓಡ್ತದೆ," ಎಂದು ಅವರು ಕೇಳಿದಾಗ ಸಣ್ಣದೊಂದು ರಿಪೇರಿ ಎಂದೆ.

ಒಂದು ಮಂಗಳವಾರ ಮಧ್ಯಾಹ್ನ ಮೂರರ ಸುಮಾರಿಗೆ ಸೊರಬದಲ್ಲಿ ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕಿರುಚಿ, ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಸತ್ತಿತು. ಅದರ ಬ್ಯಾಟರಿಗಳು ಉಬ್ಬಿ ಯಾವ ಕಾಲವಾಗಿತ್ತೋ. ಅವನ್ನು ನೋಡುವುದೂ ನನ್ನದೇ ಕೆಲಸವಾಗಿತ್ತು. ಕರೆಂಟು ಬಂದ ಮೇಲೆ ಸರ್ವರು ಬಹಳ ಹೊತ್ತು ತನ್ನನ್ನು ತಾನೇ ತಪಾಸಣೆ ಮಾಡಿಕೊಂಡು ಎದ್ದಿತು. ಸೂಚಿ ಹರಿದುಹೋಗಿತ್ತು. ಆಗ ತುಂಬುತ್ತಿದ್ದ ಹೋಬಳಿಯ ಕಡತದಲ್ಲಿ ಕೆಲವು ಸಾಲು ಇದ್ದವು, ಕೆಲವು ಇರಲಿಲ್ಲ, ಎರಡು ಸಾಲಿನ ನಡುವೆ ಬರೀ ಕಸ. ಪುಸ್ತಕದಲ್ಲಿ ಮಾತ್ರ ಎಲ್ಲದರ ಎದುರೂ ತುಂಬಿ ಆಯಿತೆಂಬ ಕೆಂಪು ಪೆನ್ಸಿಲಿನ ಗುರುತು ಬಿದ್ದಿತ್ತು. ಪರದೆ ಉಳಿಸಲಾಗಿದೆ ಎಂದಿತ್ತಲ್ಲ.

ಎಲ್ಲರೂ ಕರೆಂಟನ್ನು ಬೈದರು. ನಾನೂ ತಲೆಯಾಡಿಸಿದೆ.

ಮರುದಿನ ಬೆಳಗಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಈಸೂರಿನ ಹಿರಿಯರು. ನಿವೃತ್ತ ಗ್ರಾಮ ಲೆಕ್ಕಿಗರು. ಹಳೆಯ ಪುಸ್ತಕಗಳ ಕೈಬರಹ ಓದಿ ಹೇಳಲು ಎರಡೂ ಕೋಣೆಗೆ ಬರುತ್ತಿದ್ದರು. ಬಸ್ಸು ಶಿರಾಳಕೊಪ್ಪ ದಾಟಿತು.

"ಕರೆಂಟ್ ಹೋಗೋದು ಹೊಸದಲ್ರೀ," ಎಂದರು ಆಮೇಲೆ. "ಮೊದ್ಲೂ ಹೋಗ್ತಿತ್ತು. ಆವಾಗ ಒಂದು ಸಾಲೂ ಹಾಳಾಗಿರ್ಲಿಲ್ಲ. ಈ ಸಲ ಏನಾತು?"

ಮುಚ್ಚಿಡುವ ತ್ರಾಣವೂ ನನ್ನಲ್ಲಿ ಇರಲಿಲ್ಲ. ಎಲ್ಲ ಹೇಳಿದೆ.

"ಅಂದ್ರೆ ಬರೀದೇನೇ ಬರ್ದೀನಿ ಅಂತ ಹೇಳ್ತಿತ್ತಾ ಅದು?"

"ಹೌದು. ಹಾಗೆ ಹೇಳೋಕೆ ಹಚ್ಚಿದ್ದು ನಾನೇ."

ಅವರು ಕಿಟಕಿಯ ಕಡೆ ತಿರುಗಿದರು. ಬೈಯುತ್ತಾರೆಂದು ಕಾದೆ.

"ನಾನೂ ಒಂದು ವರ್ಷ ಹೊಲಕ್ಕೆ ಹೋಗ್ದೇನೇ ಬೆಳಿ ಕಾಲಂ ತುಂಬೀನ್ರೀ," ಎಂದರು. "ಮಗಳಿಗೆ ಟೈಫಾಯ್ಡ್ ಆಗಿತ್ತು. ಕೂತಲ್ಲೇ ಎಲ್ಲರದೂ ಭತ್ತ ಅಂತ ಬರ್ದೆ. ಒಬ್ಬಾತ ಆ ವರ್ಷ ಹತ್ತಿ ಹಾಕಿದ್ದ. ಅದನ್ನ ಸರಿ ಮಾಡ್ಸಾಕೆ ಅವ ಕಚೇರಿಗೆ ಎಷ್ಟು ಸಲ ತಿರುಗಿದ ಅಂತ ನನಗೆ ಗೊತ್ತು."

"ಅವರಿಗೆ ಹೇಳಿದ್ರಾ?"

"ಇಲ್ಲ. ಹೇಳ್ಬೇಕಿತ್ತು."

ಸೊರಬದಲ್ಲಿ ಇಳಿದು ಕೋಣೆಗೆ ಹೋದವನೇ ಆರೂ ಜನರಿಗೆ ಹೇಳಿದೆ. ಹೊಸಬಾಳೆಯವರು ಕುರ್ಚಿ ತಿರುಗಿಸಿ ಕೂತು ಕೇಳಿಸಿಕೊಂಡರು.

"ಹಂಗಾದ್ರೆ ಉಳಿಸಿದೆ ಅಂದಾಗೆಲ್ಲ ಉಳಿಸಿರ್ಲಿಲ್ವಾ?"

"ಆ ಗಳಿಗೆಗೆ ಇಲ್ಲ."

"ನಮಗೊಂದು ಮಾತು ಹೇಳ್ಬಹುದಿತ್ತು ಸಾರ್. ಕಾಯೋದು ನಮಗೆ ರೂಢಿ ಆಗಿತ್ತು. ಮಾಡಿದ್ದನ್ನೇ ತಿರುಗಿ ಮಾಡೋದು ಅಂದ್ರೆ..." ಮಾತು ಮುಗಿಸದೆ ಮಣಿಕಟ್ಟು ಹಿಸುಕಿಕೊಂಡರು.

ಮೂರು ದಿನ ಹಿರಿಯರು ಪುಸ್ತಕ ಓದುತ್ತ ಹೋದರು. ಸರ್ವೆ ನಂಬರು, ಹಿಸ್ಸಾ, ಖಾತೆದಾರರ ಹೆಸರು. ಇದೆಯೋ ಇಲ್ಲವೋ ಎಂದು ಹೊಸಬಾಳೆಯವರು ಪರದೆಯ ಮೇಲೆ ಹುಡುಕಿ ಹೇಳಿದರು. ಇಲ್ಲದ್ದನ್ನು ನಾನೂ ಒಂದು ಕೀಲಿಮಣೆ ಹಿಡಿದು ತುಂಬಿದೆ. ಮೂರನೆಯ ದಿನ ಹಿರಿಯರ ದನಿ ಬಿದ್ದುಹೋಯಿತು. ಬದಲಿಸಿದ್ದ ಪದವನ್ನು ಎರಡೂ ಊರಲ್ಲಿ ಹಿಂದಕ್ಕೆ ತಂದೆ. ಬ್ಯಾಟರಿ ಹೊಸದು ಹಾಕಿಸಿದೆ. ಕೋಣೆ ಮತ್ತೆ ನಿಧಾನವಾಯಿತು.

ಸರ್ವರು ಮಾರಿದವರಿಗೆ ನಡೆದದ್ದೆಲ್ಲ ಬರೆದೆ. ಎರಡು ತಿಂಗಳ ಮೇಲೆ ಸರ್ವರಿಗೆ ಹಾಕುವ ಹೊಸ ತಂತ್ರಾಂಶದ ಒಂದು ಟೇಪು ಬಂತು, ಜೊತೆಗೆ ಎರಡು ಹಾಳೆಯ ಟಿಪ್ಪಣಿ. ಬಸ್ಸಿನಲ್ಲಿ ಅದನ್ನು ಓದಿ ಓದಿ ಹಾಳೆಯ ಮಡಿಕೆ ಹರಿಯಿತು. ಉಪಾಯ ಸರಳವಾಗಿತ್ತು. ಒಂದು ಸಾಲು ಬಂದ ಕೂಡಲೇ ಡಿಸ್ಕಿಗೆ ಓಡದೆ ಸರ್ವರು ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆಯುತ್ತದೆ. ಅಷ್ಟರಲ್ಲಿ ಅದೇ ಕಡತಕ್ಕೆ ಬೇರೆಯವರ ಸಾಲು ಬಂದರೆ ಎಲ್ಲವನ್ನೂ ಒಟ್ಟಿಗೆ ಬರೆದು, ಸೂಚಿಯನ್ನು ಒಂದೇ ಸಲ ಮುಟ್ಟಿ, ಆಮೇಲೆ ಎಲ್ಲರಿಗೂ ಉತ್ತರಿಸುತ್ತದೆ. ನಮ್ಮ ಆರೂ ಜನ ಒಂದೇ ಹೋಬಳಿಯ ಕಡತಕ್ಕೆ ಬರೆಯುತ್ತಿದ್ದುದರಿಂದ ಅದು ನಮಗೆ ಒಗ್ಗಬೇಕಿತ್ತು.

ಮೊದಲ ದಿನ ಒಗ್ಗಲಿಲ್ಲ. ಊಟದ ಹೊತ್ತಿಗೆ ಒಬ್ಬರೇ ಕೆಲಸ ಮಾಡುತ್ತಿದ್ದರೆ ಬಾರದವರಿಗಾಗಿ ಕಾದು ಅದು ಮೊದಲಿಗಿಂತ ತಡವಾಗುತ್ತಿತ್ತು. ತಡೆಯುವ ಹೊತ್ತನ್ನು ಕಡಿಮೆ ಮಾಡುತ್ತ, ಹೆಚ್ಚು ಮಾಡುತ್ತ ಒಂದು ವಾರ ಕಳೆಯಿತು. ನನ್ನ ತಲೆ ಯಂತ್ರಕ್ಕಿಂತ ಬಿಸಿಯಾಗಿತ್ತು. ಕೊನೆಗೆ ಹದ ಸಿಕ್ಕಿತು ಅನ್ನಿಸಿದ ದಿನ, ಆರೂ ಜನರಿಗೆ ಕೆಲಸ ಮಾಡುತ್ತಲೇ ಇರಿ, ಕೊನೆಗೆ ‘ಉಳಿಸಲಾಗಿದೆ’ ಎಂದು ಬಂದ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ ಎಂದೆ. ಹಾಗೇ ಬಗ್ಗಿ ಸರ್ವರಿನ ಕರೆಂಟಿನ ವೈರು ಕಿತ್ತೆ.

ವೈರು ಮತ್ತೆ ಸಿಕ್ಕಿಸಿ, ಸರ್ವರು ಏಳುವವರೆಗೆ ಗೋಡೆಗೆ ಒರಗಿ ನಿಂತೆ. ಎದ್ದ ಮೇಲೆ ಹೊಸಬಾಳೆಯವರೇ ಮೊದಲು ತಮ್ಮ ನಂಬರನ್ನು ಹುಡುಕಿದರು.

"ಇದೆ," ಎಂದರು.

ಉಳಿದ ಐವರದೂ ಇತ್ತು. ನಗಬೇಕೆನ್ನಿಸಿತು, ಬದಲಿಗೆ ಆಕಳಿಕೆ ಬಂತು.

ಆ ಹತ್ತು ಹನ್ನೆರಡು ದಿನಗಳ ವೇಗ ಮತ್ತೆ ಬರಲಿಲ್ಲ. ಕಾಯುವುದು ಮೊದಲಿನ ಅರ್ಧಕ್ಕೆ ಇಳಿಯಿತು, ಅಷ್ಟೇ. "ಅಡ್ಡಿಲ್ಲ ಬಿಡಿ," ಎಂದರು ಹೊಸಬಾಳೆಯವರು. ಆ ಎರಡು ಪದ ಬಿಟ್ಟರೆ ಆ ಕೆಲಸಕ್ಕೆ ನನಗೆ ಬೇರೆ ಮೆಚ್ಚುಗೆ ಸಿಗಲಿಲ್ಲ. ಮುಂದಿನ ವರ್ಷ ಎರಡೂ ತಾಲೂಕಿನ ಪುಸ್ತಕಗಳು ಮುಗಿದವು. ಯಂತ್ರಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಲಾರಿಗೆ ಹಾಕಿ, ಶಿಕಾರಿಪುರದ ಮನೆಗೆ ಬಂದು ಚಪ್ಪಲಿ ಬಿಟ್ಟೆ.

"ನಾಳೆ ಬಸ್ಸಿಗೆ ಹೋಗೋದು ಇಲ್ಲೇನ್ರೀ?" ಎಂದು ಹೆಂಡತಿ ಕೇಳಿದಳು.

"ಇಲ್ಲ."

ಮರುದಿನ ಎಂದಿನ ಹೊತ್ತಿಗೇ ಎಚ್ಚರವಾಯಿತು. ಹೋಗಬೇಕಾದ ಊರಿರಲಿಲ್ಲ. ಗೋಡೆಯ ಕಡೆ ಮಗ್ಗುಲಾಗಿ, ನಿದ್ದೆ ಬಾರದಿದ್ದರೂ ಬಿಸಿಲೇರುವವರೆಗೆ ಹಾಗೇ ಮಲಗಿದ್ದೆ.