ದಿಬ್ಬದ ಮೇಲೆ ನಿಲ್ಲುತ್ತಿದ್ದ ಜೀಪು

ಜನವರಿ ಹದಿನಾರು, ಬೆಳಿಗ್ಗೆ ಎಂಟೂ ಹತ್ತು. ಸ್ಥಳ, ರಾಯಚೂರಿನ ಒಂದು ಪೆಟ್ರೋಲ್ ಬಂಕ್. ಹಾಜರಿದ್ದವರು ನಾನು, ಕಾರು ನಡೆಸುವ ನನ್ನ ತಮ್ಮನ ಮಗಳು ಶಾರದಾ, ಮತ್ತು ಪೆಟ್ರೋಲಿನ ವಾಸನೆ. ವಾಸನೆಗೆ ಹಾಜರಿ ಹಾಕುವುದು ಸರಿಯಲ್ಲ, ನನಗೂ ಗೊತ್ತು. ಆದರೆ ಕಿಟಕಿ ಇಳಿಸಿದೊಡನೆ ಅದು ಒಳಗೆ ಬಂತು, ಅದರ ಬೆನ್ನಿಗೇ ಹುಸೇನ್ ಸಾಬರು ನೆನಪಿನಿಂದ ಎದ್ದು ಬಂದರು. ನಲವತ್ತು ವರ್ಷಗಳ ಮೇಲೆ ಬಂದವರನ್ನು ಲೆಕ್ಕದಿಂದ ಬಿಡುವುದು ಹೇಗೆ?

ಹುಸೇನ್ ಸಾಬರು ನಮ್ಮ ಲಸಿಕೆ ಜೀಪಿನ ಡ್ರೈವರು. ನಾನು ಆ ಜೀಪಿನ ನರ್ಸು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ವಾರಕ್ಕೊಮ್ಮೆ, ಗುರುವಾರ, ಐಸು ತುಂಬಿದ ಲಸಿಕೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ದೇವದುರ್ಗದ ಕಡೆಯೋ ಮಾನ್ವಿಯ ಕಡೆಯೋ ಹೊರಡುತ್ತಿದ್ದೆ. ನರ್ಸಿಂಗ್ ಶಾಲೆಯಲ್ಲಿ ನನ್ನನ್ನು ಗಡಿಯಾರದ ಮುಳ್ಳಿನ ಹಾಗೆ ತಯಾರು ಮಾಡಿದ್ದರು. ಹಾಸಿಗೆಯ ಮೂಲೆ ಮಡಚುವುದರಲ್ಲಿಯೂ ಒಂದು ಕೋನವಿತ್ತು. ನನ್ನ ಶಿಸ್ತಿನ ಬಗ್ಗೆ ನನಗೆ ಎಷ್ಟು ಅಭಿಮಾನವೆಂದರೆ, ಅದು ತಪ್ಪು ಮಾಡಬಲ್ಲದು ಎಂಬ ಅನುಮಾನವೇ ಬಂದಿರಲಿಲ್ಲ.

ಪೆಟ್ರೋಲು ಆಗ ತುಟ್ಟಿಯಾಗಿತ್ತು. ಕಚೇರಿಯವರು ತಿಂಗಳಿಗೆ ಇಷ್ಟೇ ಎಂದು ಗೆರೆ ಎಳೆದಿದ್ದರು. ಮೂರನೆಯ ವಾರಕ್ಕೆ ಟ್ಯಾಂಕು ಬತ್ತುತ್ತಿತ್ತು, ನಾಲ್ಕನೆಯ ಗುರುವಾರ ಜೀಪು ಬೇವಿನ ನೆರಳಿನಲ್ಲಿ ನಿಂತಿರುತ್ತಿತ್ತು. ನಾಲ್ಕನೆಯ ಗುರುವಾರ ಯಾರದ್ದು ಗೊತ್ತೇ? ಗಬ್ಬೂರಿನ ಆಚೆಯ ಒಂದು ಸಣ್ಣ ಊರಿನದು. ಅಲ್ಲಿ ಹನುಮವ್ವ ಎಂಬ ಕೂಲಿಯ ಹೆಣ್ಣುಮಗಳಿದ್ದಳು. ಮೊದಲ ಕೂಸು ನಾಯಿಕೆಮ್ಮಿಗೆ ಹೋಗಿತ್ತು. ಎರಡನೆಯದಕ್ಕೆ ತಿಂಗಳಿಗೊಂದರಂತೆ ಮೂರು ಚುಚ್ಚುಮದ್ದು ಆಗಬೇಕು. ಒಂದು ಹಾಕಿ, "ಮುಂದಿನ ತಿಂಗಳು ಬರ್ತೀನಿ" ಎಂದು ಹೇಳಿ ಬಂದವಳು ನಾನು, ಹೋಗಲಿಲ್ಲ. ಮುಂದೆ ಗಬ್ಬೂರಿನ ಸಂತೆಯಲ್ಲಿ ಎದುರಾದಳು.

"ಅವತ್ತು ಕೂಲಿ ಬಿಟ್ಟು ಕುಂತಿದ್ನ್ಯವ್ವಾ, ಹೊತ್ತು ಮುಳುಗೋತನ" ಎಂದಳು. ಸಿಟ್ಟಿರಲಿಲ್ಲ. "ಬರ್ತೀನಂತ ಹೇಳಬ್ಯಾಡ್ರಿ ಇನ್ನ. ಬಂದ್ರ ಬರ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಜೀಪಿನಲ್ಲಿ ಕುಳಿತು ಮೂಗು ಒರೆಸಿಕೊಂಡದ್ದನ್ನು ಸಾಬರು ನೋಡಿದರು. ಆಮೇಲೆ ಕೇಳಿದರು, "ಸಿಸ್ಟರ, ಒಂದು ಮಾತು ಅಂದ್ರ ಬ್ಯಾಸರಿಲ್ಲಲ್ಲ?"

"ಹೇಳ್ರಿ."

"ನಿಮ್ಮ ಊರ ಪಟ್ಟಿ ಭಾಳ ಚಂದ ಅದ. ಆದ್ರ ರಸ್ತಾ ಅದನ್ನ ಓದಿಲ್ಲ."

ನನಗೆ ಉರಿದುಹೋಯಿತು. ಆದರೆ ಮಾತು ನಿಜ. ರಿಜಿಸ್ಟರಿನ ಕ್ರಮಸಂಖ್ಯೆ ತಪ್ಪದಂತೆ ನಾನು ಊರು ಸುತ್ತಿಸುತ್ತಿದ್ದೆ. ಒಂದನೆಯದು ಗಬ್ಬೂರು, ಎರಡನೆಯದು ಮಾನ್ವಿ ತಾಲ್ಲೂಕಿನ ಕಲ್ಲೂರು, ಮೂರನೆಯದಕ್ಕೆ ತಿರುಗಿ ದೇವದುರ್ಗದ ಕಡೆಗೆ. ಹೋದ ಹಾದಿಯನ್ನೇ ಮತ್ತೆ ತುಳಿಯುತ್ತ, ಹನುಮವ್ವನ ಗುರುವಾರವನ್ನು ನಾನೇ ಕೈಯಾರೆ ಸುಟ್ಟಿದ್ದೆ. ಅದೂ ಅಷ್ಟು ಅಚ್ಚುಕಟ್ಟಾಗಿ! ಅಂದು ಸಂಜೆ ಪಟ್ಟಿಯನ್ನು ದಾರಿಯ ಕ್ರಮಕ್ಕೆ ತಿರುಗಿಸಿ ಬರೆದೆ. ಸಂಖ್ಯೆಗಳು ಏಳು, ಎರಡು, ಹನ್ನೊಂದು ಎಂದು ಹಾರಾಡುವುದನ್ನು ನೋಡಿ ತಲೆನೋವು ಬಂತು.

ಮಿಕ್ಕದ್ದನ್ನೆಲ್ಲ ಸಾಬರು ಮಾಡಿದರು. ಹಿಂದುಗಡೆ ಯಾವ ಕಾಲದಿಂದಲೋ ಬಿದ್ದಿದ್ದ ಮುರಿದ ಕಬ್ಬಿಣದ ಮಂಚವನ್ನು ಇಳಿಸಿದರು. "ಯಾರೂ ಮಲಗಂಗಿಲ್ಲ, ಸುಮ್ನ ಸವಾರಿ ಮಾಡಾಕತ್ತದ." ದಿನಾ ಬೆಳಿಗ್ಗೆ ಗಾಲಿಗಳಿಗೆ ಗಾಳಿ ನೋಡುತ್ತಿದ್ದರು. ಹತ್ತಿಯ ಬಂಡಿಗಳು ರಸ್ತೆಗೆ ಬರುವ ಮೊದಲೇ, ಆರಕ್ಕೆ ಹೊರಡುವುದು. ಬ್ರೇಕನ್ನು ಅವರು ತೀರ ಅನಿವಾರ್ಯವಾದರೆ ಮಾತ್ರ ಮುಟ್ಟುತ್ತಿದ್ದರು. ದೂರದಿಂದಲೇ ಬಂಡಿ ಕಂಡು, ಕಾಲು ಸಡಿಲಿಸಿ, ಅದು ಸರಿಯುವ ಹೊತ್ತಿಗೆ ಸರಿಯಾಗಿ ದಾಟುತ್ತಿದ್ದರು. ಎದುರಿನವನು ಏನು ಮಾಡುತ್ತಾನೆಂದು ಮೊದಲೇ ತಿಳಿಯುವ ಆ ಕಲೆ ನನ್ನ ಆಸ್ಪತ್ರೆಯ ಎಷ್ಟೋ ಡಾಕ್ಟರುಗಳಿಗೆ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚಿನದು ದಿಬ್ಬ. ಹನುಮವ್ವನ ಊರಿನ ಹೊರಗೆ ರಸ್ತೆ ಒಂದು ದಿಬ್ಬ ಏರಿ ಇಳಿಯುತ್ತದೆ. ಸಾಬರು ಜೀಪನ್ನು ಊರೊಳಗೆ ಒಯ್ಯದೆ ಅದರ ನೆತ್ತಿಯ ಮೇಲೆ ನಿಲ್ಲಿಸತೊಡಗಿದರು. ಏರುತ್ತ ಏರುತ್ತ ಅದು ತಾನಾಗಿ ನಿಲ್ಲುತ್ತಿತ್ತು. ಹೊರಡುವಾಗ ಇಳಿಜಾರಿನಲ್ಲಿ ಉರುಳಿದರೆ ಇಂಜಿನ್ ತಾನಾಗಿ ಎಚ್ಚರಗೊಳ್ಳುತ್ತಿತ್ತು. ಊರಿನ ಹೆಂಗಸರು ಗೊಣಗಿದರು.

"ಊರಾಗ ಬರಾಕ ನಿಮ್ಮ ಗಾಡಿಗೆ ಮೊಣಕಾಲು ಬ್ಯಾನಿ ಏನ್ರಿ ಸಾಬ್ರ?"

"ಹೌದ್ಯವ್ವಾ, ವಯಸ್ಸಾತು ಅದಕ್ಕ. ನೀವು ನಾಕು ಹೆಜ್ಜಿ ಬಂದ್ರ ಅದು ನಾಕನೇ ವಾರಾನೂ ಬರ್ತದ."

ಬಂತು. ಆ ತಿಂಗಳ ನಾಲ್ಕನೆಯ ಗುರುವಾರ ದಿಬ್ಬದ ಮೇಲೆ ನಿಂತೆವು. ತಾಯಂದಿರು ಬಂದರು, ಹನುಮವ್ವ ಇಲ್ಲ. ನಂಬಿರಲಿಲ್ಲ, ಕಳೆ ತೆಗೆಯಲು ಹೋಗಿದ್ದಳು. ಹೊಲ ಅಲ್ಲಿಂದ ಒಂದು ಮೈಲಿ. ಡಬ್ಬಿಯ ಐಸು ಕರಗುತ್ತಿತ್ತು. ಜೀಪು ಒಯ್ಯೋಣವೆಂದೆ. ಸಾಬರು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಪೆಟ್ರೋಲು ಉಳಿಸಬೇಕು ಸಿಸ್ಟರ. ಕಾಲು ಉಳಿಸಿ ಏನ್ ಮಾಡ್ಲಿ?"

ಎರೆಹೊಲದ ನಡುವೆ ಬಿರಬಿರನೆ ಹೋದರು. ನಾನು ಗಡಿಯಾರ ನೋಡುತ್ತ ನಿಂತೆ. ಮುಕ್ಕಾಲು ಗಂಟೆಗೆ, ಹತ್ತಿಯ ಗಿಡಗಳ ಮೇಲೆ ಮೊದಲು ಕೂಸಿನ ತಲೆ ಕಂಡಿತು. ಅದು ಸಾಬರ ಹೆಗಲ ಮೇಲಿತ್ತು. ಹಿಂದೆ ಖುರ್ಪಿ ಹಿಡಿದ ಹನುಮವ್ವ ಓಡುತ್ತ ಬರುತ್ತಿದ್ದಳು. ಚುಚ್ಚಿದೆ, ಕೂಸು ಊರು ಕೇಳುವಂತೆ ಅತ್ತಿತು. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟವಳು ನಿಂತಳು.

"ಮೂರನೇದು ಯಾವತ್ತು? ಹೇಳ್ರೆವ್ವಾ, ಕೂಲಿಗೆ ಹೋಗಂಗಿಲ್ಲ ಅವತ್ತು."

ಹೇಳಿದೆ. ಮುಂದಿನ ತಿಂಗಳು ನಮಗಿಂತ ಮೊದಲೇ ದಿಬ್ಬದ ಮೇಲಿದ್ದಳು. ನಾನು ಬೇರೆ ಕಡೆ ವರ್ಗವಾಗುವವರೆಗೆ ಆ ಊರಿನ ಗುರುವಾರ ಮತ್ತೆ ತಪ್ಪಲಿಲ್ಲ.

ಆ ಹದಿನಾರರಂದು ಬಂಕಿನಿಂದ ಹೊರಟು, ದೇವದುರ್ಗದ ಗೆಳತಿಯ ಮನೆಗೆ ಹೋಗುತ್ತ ಇದನ್ನೆಲ್ಲ ಶಾರದಾಗೆ ಹೇಳಿದೆ. ಆ ಜಾಗ ಬಂತು. ರಸ್ತೆ ಅಗಲ ಮಾಡಿ ದಿಬ್ಬವನ್ನು ಕಡಿದುಬಿಟ್ಟಿದ್ದಾರೆ, ನೆಲ ಸಪಾಟು. ಸ್ವಲ್ಪ ಮುಂದೆ ಬಸ್ಸಿಗೆಂದು ಕಟ್ಟಿದ ಒಳ್ಳೆಯ ತಂಗುದಾಣವಿದೆ, ಖಾಲಿ. ನಾಲ್ಕೈದು ಹೆಂಗಸರು ಮಾತ್ರ ಹಳೆಯ ಜಾಗದಲ್ಲೇ ಬಿಸಿಲಿಗೆ ಸೆರಗು ಹೊದ್ದು ನಿಂತಿದ್ದರು. ಶಾರದಾ ಕಾರು ನಿಲ್ಲಿಸಿ ಕೇಳಿದಳು, "ನೆರಳು ಅಲ್ಲಿ ಅದಲ್ರಿ, ಇಲ್ಲ್ಯಾಕ ನಿಂತೀರಿ?"

"ಗಾಡಿ ನಿಲ್ಲೋದು ಇಲ್ಲೇರಿ" ಎಂದಳು ಒಬ್ಬಳು. "ನಮ್ಮತ್ತಿ ಕಾಲದಿಂದಾನೂ ಇಲ್ಲೇ."

ಯಾಕೆಂದು ಅವಳಿಗೆ ಗೊತ್ತಿರಲಿಲ್ಲ. ಶಾರದಾ ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು. ಬಸ್ಸು ಬಂದು ಅವರನ್ನು ಹತ್ತಿಸಿಕೊಳ್ಳುವವರೆಗೆ ನಾವಿಬ್ಬರೂ ಅಲ್ಲೇ ಕುಳಿತಿದ್ದೆವು.

ಸಂಜೆ ಆರೂ ಇಪ್ಪತ್ತಕ್ಕೆ ಮನೆ. ಕೈಕಾಲು ತೊಳೆದು, ಮರುದಿನದ ಕೆಲಸಗಳನ್ನು ಎಂದಿನಂತೆ ಬರೆದೆ. ಬ್ಯಾಂಕು, ಔಷಧಿ ಅಂಗಡಿ, ತರಕಾರಿ. ಒಮ್ಮೆ ಓದಿ, ಔಷಧಿ ಅಂಗಡಿಯನ್ನು ಮೇಲಕ್ಕೆ ತಂದೆ. ಮೂರೂ ಒಂದೇ ದಾರಿಯಲ್ಲಿದ್ದವು, ಮೊದಲು ಸಿಗುವುದು ಅದೇ. ನಾಳೆ ಕಾರು ಬೇಡವೆಂದು ಶಾರದಾಗೆ ಹೇಳಿ, ಚಪ್ಪಲಿಗಳನ್ನು ಒರೆಸಿ ಬಾಗಿಲ ಬಳಿ ಜೋಡಿಸಿಟ್ಟೆ.